ಆರು ಕಂತಿನ ಸಂಗೀತ ನಾಟಕ: ಮೊದಲು ಹಾಡಾ, ಶೂಟಿಂಗಾ? ಬಿಡುಗಡೆ ಹೇಗೆ?

ಹೊಸ_ಚರಣ

ಎಲ್ಲರಿಗೂ ನಮಸ್ಕಾರ. ನಾವು ಒಂದು ಸಣ್ಣ ತಂಡ ಸೇರಿ ಸಂಗೀತ ನಾಟಕದ ಸರಣಿ ಮಾಡುತ್ತಿದ್ದೇವೆ. ಆರು ಕಂತು, ಒಂದೊಂದು ಸುಮಾರು 25 ನಿಮಿಷ. ಒಟ್ಟು 11 ಹಾಡು. ಕತೆ ಹೀಗಿದೆ: ಹೆಸರು ಮಾಡಿದ ಗಾಯಕಿಯೊಬ್ಬಳ ಗಂಟಲು ಕೈಕೊಡುತ್ತದೆ. ಅವಳಿಗೆ ಟ್ರ್ಯಾಕ್ (ಅಸಲಿ ಗಾಯಕರು ಕೇಳಿ ಕಲಿಯಲು ಮೊದಲೇ ಹಾಡಿಡುವ ಮಾದರಿ) ಹಾಡುತ್ತಿದ್ದ ಹುಡುಗಿಯ ಧ್ವನಿಯೇ ಗುಟ್ಟಾಗಿ ಅವಳ ಹೆಸರಿನಲ್ಲಿ ಹೊರಗೆ ಹೋಗಲು ಶುರುವಾಗುತ್ತದೆ. ಕೊನೆಯ ಕಂತಿನಲ್ಲಿ ಇಬ್ಬರೂ ಒಟ್ಟಿಗೆ ಹಾಡಬೇಕು. ಕತೆ ನಿಲ್ಲಿಸಿ ಹಾಡು ತೋರಿಸುವುದು ನಮಗೆ ಬೇಡ. ಮಾತು ಎಲ್ಲಿ ಸಾಲದೋ ಅಲ್ಲಿಂದ ಹಾಡು ಕತೆಯನ್ನು ಎತ್ತಿಕೊಂಡು ಹೋಗಬೇಕು.

ಮೊದಲ ಮೂರು ಕಂತಿನ ಸ್ಕ್ರಿಪ್ಟ್ ರೆಡಿ ಇದೆ. ಅವಕ್ಕೆ ಬೇಕಾದ ಹಾಡುಗಳಲ್ಲಿ ನಾಲ್ಕರ ಟ್ಯೂನ್ ಆಗಿದೆ. ದುಡ್ಡು ಹಾಕುತ್ತಿರುವ ಗೆಳೆಯ "ಎರಡು ಕಂತು ಮುಗಿಸಿ ಬಿಟ್ಟುಬಿಡೋಣ, ಜನ ಏನಂತಾರೆ ನೋಡಿ ಮುಂದಿನದು ಶೂಟ್ ಮಾಡೋಣ" ಅನ್ನುತ್ತಿದ್ದಾನೆ. ನನಗೆ ಯಾಕೋ ಧೈರ್ಯ ಸಾಲುತ್ತಿಲ್ಲ. ಆದರೆ ಯಾಕೆ ಅಂತ ಅವನಿಗೆ ಬಿಡಿಸಿ ಹೇಳಲೂ ಬರುತ್ತಿಲ್ಲ.

ಈ ಕೆಲಸ ಮಾಡಿದವರು ಹೇಳಿ. ಹಾಡನ್ನು ಮೊದಲೇ ರೆಕಾರ್ಡ್ ಮಾಡಿಕೊಂಡು ಶೂಟ್ ಮಾಡಬೇಕಾ, ಕ್ಯಾಮೆರಾ ಮುಂದೆಯೇ ಹಾಡಿಸಬೇಕಾ? ವಾರಕ್ಕೊಂದು ಕಂತು ಬಿಡಬೇಕಾ, ಎಲ್ಲಾ ಒಂದೇ ದಿನವಾ? ಹಾಡುಗಳನ್ನು ಕಂತಿಗಿಂತ ಮೊದಲೇ ಆಲ್ಬಂ ಮಾಡಿ ಬಿಟ್ಟರೆ ಕತೆ ಒಡೆದು ಹೋಗಲ್ವಾ?

ಕತ್ತರಿ_ಕೆಲಸ

ಎಡಿಟಿಂಗ್ ಮಾಡುವವನಾಗಿ ಹೇಳುತ್ತೇನೆ. ಹಾಡು ಮೊದಲು ರೆಕಾರ್ಡ್ ಮಾಡಿ, ಪ್ಲೇಬ್ಯಾಕ್ ಹಾಕಿ ಶೂಟ್ ಮಾಡಿ. ಸೆಟ್‌ನಲ್ಲಿ ಲೈವ್ ಹಾಡಿಸಿದರೆ ಒಂದೊಂದು ಟೇಕ್‌ಗೆ ಒಂದೊಂದು ವೇಗ. ಕ್ಲೋಸಪ್ ಈ ಟೇಕ್‌ನದು, ವೈಡ್ ಆ ಟೇಕ್‌ನದು ಬೇಕು ಅಂದಾಗ ಎರಡೂ ಜಪ್ಪಯ್ಯ ಅಂದರೂ ಸೇರಲ್ಲ. 2012ರ 'ಲೆ ಮಿಸೆರಾಬ್ಲ್' ಸಿನಿಮಾದಲ್ಲಿ ಲೈವ್ ಹಾಡಿಸಿದರಲ್ಲ ಅಂತ ಯಾರಾದರೂ ಬರುತ್ತಾರೆ. ಹೌದು, ಹಾಡಿಸಿದರು. ನಟರ ಕಿವಿಯಲ್ಲಿ ಇಯರ್‌ಪೀಸ್ ಇಟ್ಟು, ಅವರ ಹಾಡಿಕೆಯನ್ನೇ ಹಿಂಬಾಲಿಸುತ್ತಾ ಒಬ್ಬರು ಪಿಯಾನೋ ನುಡಿಸಿ, ಆಮೇಲೆ ಇಡೀ ವಾದ್ಯವೃಂದವನ್ನು ಆ ಹಾಡಿಕೆಗೆ ಹೊಂದಿಸಿ ರೆಕಾರ್ಡ್ ಮಾಡಿದರು. ಅಷ್ಟು ಜನ, ಅಷ್ಟು ಸಮಯ ನಿಮ್ಮ ಹತ್ತಿರ ಇದ್ದರೆ ಧಾರಾಳವಾಗಿ ಮಾಡಿ.

ಇನ್ನೊಂದು. ಸೆಕೆಂಡಿಗೆ ಎಷ್ಟು ಸಾವಿರ ಸಲ ಧ್ವನಿಯನ್ನು ಅಳೆದಿಡುತ್ತಾರೆ ಅನ್ನುವ ಲೆಕ್ಕ ಇದೆಯಲ್ಲ, ಸ್ಯಾಂಪಲ್ ರೇಟ್, ಅದರಲ್ಲಿ ಹಾಡಿನ ಫೈಲ್ 48 ಕಿಲೋಹರ್ಟ್ಜ್‌ನಲ್ಲೇ ತರಿಸಿಕೊಳ್ಳಿ. ಆಲ್ಬಂ ಮಾಡುವವರು ಅಭ್ಯಾಸಬಲದಿಂದ 44.1ರಲ್ಲಿ ಕೊಡುತ್ತಾರೆ. ಅದನ್ನು ಪರಿವರ್ತಿಸದೆ ಎಲ್ಲೋ ಒಂದು ಕಡೆ 48 ಅಂತ ಓಡಿಸಿಬಿಟ್ಟರೆ ಶ್ರುತಿ ಸುಮಾರು ಒಂದೂವರೆ ಸೆಮಿಟೋನ್ (ಪಕ್ಕಪಕ್ಕದ ಎರಡು ಸ್ವರಸ್ಥಾನಗಳ ಅಂತರ ಒಂದು ಸೆಮಿಟೋನ್) ಮೇಲೇರುತ್ತದೆ, ನಾಲ್ಕು ನಿಮಿಷದ ಹಾಡು 20 ಸೆಕೆಂಡ್ ಮೊದಲೇ ಮುಗಿಯುತ್ತದೆ. ನಟಿ ಸೆಟ್‌ನಲ್ಲಿ ಆ ವೇಗಕ್ಕೇ ತುಟಿ ಆಡಿಸಿರುತ್ತಾಳೆ. ಎಡಿಟ್‌ಗೆ ಬಂದ ಮೇಲೆ ನನ್ನಂಥವನು ತಲೆ ಮೇಲೆ ಕೈ ಹೊತ್ತು ಕೂರಬೇಕು.

ಮಂದ್ರ_ಷಡ್ಜ

ನಾನು ಮೊದಲು ಹಾಡಿಗೆ ವಾದ್ಯ ಹೊಂದಿಸುವ ಅರೇಂಜರ್ ಆಗಿದ್ದವಳು, ಈಗ ಸರಣಿಗಳಿಗೆ ಮ್ಯೂಸಿಕ್ ಎಡಿಟಿಂಗ್ ಮಾಡುತ್ತೇನೆ. ನಿಮ್ಮ ಪ್ರಶ್ನೆ ಓದಿದ ತಕ್ಷಣ ಕಣ್ಣಿಗೆ ಹೊಡೆದದ್ದು ಒಂದೇ. ಮೂರು ಕಂತಿನ ಸ್ಕ್ರಿಪ್ಟ್ ಇದೆ, ನಾಲ್ಕು ಟ್ಯೂನ್ ಇದೆ, ಆದರೆ ಇಡೀ ಕತೆ ಯಾವ ಹಾಡಿನ ಕಡೆಗೆ ಹೋಗುತ್ತಿದೆಯೋ ಆ ಹಾಡೇ ಇಲ್ಲ. ಅದನ್ನು ಮೊದಲು ಮಾಡಿ. ಆರನೇ ಕಂತಿನ ಆ ಜೋಡಿ ಹಾಡು ಕೈಗೆ ಬರುವವರೆಗೆ ಒಂದು ಶಾಟ್ ಕೂಡ ತೆಗೆಯಬೇಡಿ. ನಿಮ್ಮ ಗೆಳೆಯನಿಗೆ ಹೇಳಬೇಕಾದ ಉತ್ತರವೂ ಇದೇ.

ಯಾಕೆ ಅಂದರೆ, ಸಿನಿಮಾದಲ್ಲಿ ಮೊದಲು ಕೇಳಿದ ಟ್ಯೂನ್ ಎರಡು ಗಂಟೆಯೊಳಗೆ ಮತ್ತೆ ಬರುತ್ತದೆ. ಕೇಳುವವರಿಗೆ ಇನ್ನೂ ನೆನಪಿರುತ್ತದೆ. ಸರಣಿಯಲ್ಲಿ ಒಂದನೇ ಕಂತಿಗೂ ಆರನೇ ಕಂತಿಗೂ ನಡುವೆ ಒಂದು ತಿಂಗಳು ದಾಟಬಹುದು. ಕೊನೆಯ ಹಾಡು ಶುರುವಾದಾಗ "ಅರೆ, ಇದನ್ನ ಎಲ್ಲೋ ಕೇಳಿದ್ದೀನಲ್ಲ" ಅನ್ನಿಸಬೇಕಾದರೆ ಅದರ ತುಣುಕು ಮೊದಲಿಂದಲೇ ಕಿವಿಗೆ ಬೀಳುತ್ತಿರಬೇಕು. ಟ್ಯೂನೇ ಇಲ್ಲದಿದ್ದರೆ ಏನನ್ನು ಬೀಳಿಸುತ್ತೀರಿ?

ಹೇಗೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ನಿಮ್ಮ ಕೊನೆಯ ಹಾಡಿನ ಪಲ್ಲವಿಯಲ್ಲಿ ನಾಲ್ಕು ಸ್ವರದ ಒಂದು ತಿರುವು ಇದೆ ಅಂದುಕೊಳ್ಳಿ. ಒಂದನೇ ಕಂತಿನಲ್ಲಿ ಟ್ರ್ಯಾಕ್ ಹುಡುಗಿ ಹೆಡ್‌ಫೋನ್ ಸುತ್ತಿಡುತ್ತಾ ಅದನ್ನು ಸುಮ್ನೆ ಗುನುಗುತ್ತಾಳೆ. ಸಾಹಿತ್ಯ ಇಲ್ಲ, ವಾದ್ಯ ಇಲ್ಲ, ಯಾರೂ ಗಮನಿಸುವುದೂ ಇಲ್ಲ. ಎರಡನೇ ಕಂತಿನಲ್ಲಿ ಅದೇ ತಿರುವು ಹಿನ್ನೆಲೆಯಲ್ಲಿ ಒಂದು ಕೊಳಲಿನಲ್ಲಿ ಬಂದು ಅರ್ಧಕ್ಕೆ ನಿಲ್ಲುತ್ತದೆ. ಮೂರರಲ್ಲಿ ದೊಡ್ಡ ಗಾಯಕಿ ಅದನ್ನು ಹಾಡಲು ಹೋಗುತ್ತಾಳೆ, ಮೂರನೇ ಸ್ವರಕ್ಕೆ ಗಂಟಲು ಒಡೆಯುತ್ತದೆ. ನಾಲ್ಕನೇ ಸ್ವರ ಕೇಳುವವರ ತಲೆಯಲ್ಲೇ ಉಳಿದುಬಿಡುತ್ತದೆ. ಆ ನಾಲ್ಕನೇ ಸ್ವರವನ್ನು ಅಲ್ಲಿಂದ ಆರನೇ ಕಂತಿನವರೆಗೆ ಯಾರ ಬಾಯಲ್ಲೂ ಪೂರ್ತಿ ಹಾಡಿಸಬೇಡಿ. ಈ ತರಹದ ಆಟ ಕೊನೆಯ ಹಾಡು ಕೈಯಲ್ಲಿದ್ದಾಗ ಮಾತ್ರ ಸಾಧ್ಯ.

ಇದು ನನ್ನ ಹೊಸ ಸಂಶೋಧನೆಯೇನಲ್ಲ. ಜರ್ಮನಿಯ ಸಂಗೀತಗಾರ ವಾಗ್ನರ್ ತನ್ನ 'ರಿಂಗ್' ಅನ್ನುವ ಸಂಗೀತ ನಾಟಕಗಳಿಗೆ 1848ರಲ್ಲಿ ಕೈ ಹಾಕಿದಾಗ ಮೊದಲು ಬರೆದದ್ದು ಕೊನೆಯ ಭಾಗದ ಮಾತುಗಳನ್ನೇ, ಅಂದರೆ ನಾಯಕನ ಸಾವು. ಅದಕ್ಕೆ ಹಿಂದಿನ ಕತೆ ಬೇಕು ಅನ್ನಿಸಿ ಒಂದೊಂದೇ ಹೆಜ್ಜೆ ಹಿಂದೆ ಹೋಗುತ್ತಾ ನಾಲ್ಕು ನಾಟಕವಾಯಿತು. ಸಾಹಿತ್ಯ ಕೊನೆಯಿಂದ ಮೊದಲಿಗೆ, ಸಂಗೀತ ಮಾತ್ರ ಮೊದಲಿಂದ ಕೊನೆಗೆ. ಮುಗಿದದ್ದು 1874ರಲ್ಲಿ. ಬಿಡುಗಡೆಯ ವಿಷಯದಲ್ಲೂ ಅವನಿಗೆ ನಿಮ್ಮ ಗೋಳೇ ಇತ್ತು. ನಾಲ್ಕೂ ಒಟ್ಟಿಗೆ ಆಗಲಿ ಅಂತ ಅವನು, ಆಗಿರುವುದನ್ನು ಈಗಲೇ ಆಡಿಸು ಅಂತ ದುಡ್ಡು ಕೊಡುತ್ತಿದ್ದ ರಾಜ ಲುಡ್ವಿಗ್. ರಾಜನೇ ಗೆದ್ದ. ಮೊದಲ ಎರಡು ಭಾಗ 1869 ಮತ್ತು 1870ರಲ್ಲಿ ಮ್ಯೂನಿಕ್‌ನಲ್ಲಿ ವಾಗ್ನರ್‌ಗೆ ಇಷ್ಟವಿಲ್ಲದೆಯೇ ರಂಗಕ್ಕೆ ಬಂದವು. ನಾಲ್ಕೂ ಸಾಲಾಗಿ ಆಡಿದ್ದು 1876ರ ಆಗಸ್ಟ್‌ನಲ್ಲಿ, ಬೈರಾಯ್ಟ್‌ನಲ್ಲಿ. ದುಡ್ಡು ಹಾಕುವ ಗೆಳೆಯರು ಯಾವ ಕಾಲದಲ್ಲೂ ಒಂದೇ ಥರ!

ಈಗ ಶ್ರುತಿಯ ವಿಷಯ. ಇದರಲ್ಲೇ ಜಾಸ್ತಿ ಎಡವಟ್ಟಾಗುವುದು. ಕೊನೆಯ ಹಾಡಿನಲ್ಲಿ ಇಬ್ಬರು ಹಾಡಬೇಕು. ಇಬ್ಬರಿಗೂ ಒಂದೇ ಶ್ರುತಿ ಹೊಂದಬೇಕು, ಇಬ್ಬರಲ್ಲಿ ಒಬ್ಬರಿಗೆ ಅದರ ಅತಿ ಎತ್ತರದ ಸ್ವರ ಸಿಗಬೇಕು. ಅದಕ್ಕೇ ಆ ಹಾಡನ್ನು ಹಾರ್ಮೋನಿಯಂ ಅಥವಾ ಕೀಬೋರ್ಡ್ ಇಟ್ಟುಕೊಂಡು ಇಬ್ಬರ ಹತ್ತಿರವೂ ಹಾಡಿಸಿ, ಶ್ರುತಿ ನಿಕ್ಕಿ ಮಾಡಿ. ಆಮೇಲೆ ಉಳಿದ ಹತ್ತು ಹಾಡುಗಳನ್ನು ಕೂರಿಸುವಾಗ ಒಂದು ಕಟ್ಟುಪಾಡು ಇಟ್ಟುಕೊಳ್ಳಿ: ಆ ಎತ್ತರದ ಸ್ವರವನ್ನು ಬೇರೆ ಯಾವ ಹಾಡೂ ಮುಟ್ಟಬಾರದು. ಎರಡನೇ ಕಂತಿನಲ್ಲೇ ಹುಡುಗಿ ತಾರಸ್ಥಾಯಿಯಲ್ಲಿ ಕೂಗಿ ಚಪ್ಪಾಳೆ ಗಿಟ್ಟಿಸಿಬಿಟ್ಟರೆ ಆರಕ್ಕೆ ಏನು ಉಳಿಯಿತು?

ನಾನು ಹತ್ತಿರದಿಂದ ನೋಡಿದ ಒಂದು ಸರಣಿಯಲ್ಲಿ ಮೊದಲ ಕಂತುಗಳು ಹೊರಬಿದ್ದ ಮೇಲೆ ಕೊನೆಯ ಹಾಡು ತಯಾರಾಯಿತು. ನಾಯಕಿಗೆ ಹಾಡುತ್ತಿದ್ದವರಿಗೆ ಅದು ಎಟುಕಲಿಲ್ಲ. ಶ್ರುತಿ ಇಳಿಸಿದರೆ ಎದುರಿನ ಗಂಡು ಧ್ವನಿ ಪಾತಾಳಕ್ಕೆ ಹೋಗುತ್ತಿತ್ತು. ಕೊನೆಗೆ ಬೇರೆಯವರ ಹತ್ತಿರ ಹಾಡಿಸಿದರು. ಕಂತು ಬಂದ ದಿನವೇ "ಇವಳ ಧ್ವನಿ ಯಾಕೆ ಬದಲಾಯ್ತು?" ಅನ್ನುವ ಕಾಮೆಂಟುಗಳ ಸಾಲು. ನಿಮ್ಮ ಕತೆಯೇ ಯಾರ ಧ್ವನಿ ಯಾರದು ಅನ್ನುವುದರ ಮೇಲೆ ನಿಂತಿದೆ. ನಿಮಗಂತೂ ಇದು ಆಗಲೇಬಾರದು.

ಇನ್ನು ಲೈವ್ ಮತ್ತು ಪ್ಲೇಬ್ಯಾಕ್ ವಿಷಯ. ಕತ್ತರಿಯವರು ಹೇಳಿದ್ದು ಮುಕ್ಕಾಲು ಪಾಲು ಸರಿ. ನನ್ನ ತಕರಾರು ಮೊದಲ ಸಾಲಿನ ಬಗ್ಗೆ ಮಾತ್ರ. ಮಾತು ಮುಗಿದು ಹಾಡು ಶುರುವಾಗುವ ಜಾಗ ಇದೆಯಲ್ಲ, ಅಲ್ಲಿ ಕಿವಿ ತಕ್ಷಣ ಮೋಸ ಹಿಡಿಯುತ್ತದೆ. ಮಾತು ಸೆಟ್‌ನಲ್ಲಿ ಕಾಲರ್ ಮೈಕ್‌ನಲ್ಲಿ ಬಂದಿರುತ್ತದೆ, ಅದರಲ್ಲಿ ಆ ಕೋಣೆಯ ಗೋಡೆ, ಬಟ್ಟೆ, ಫ್ಯಾನಿನ ಸದ್ದು ಎಲ್ಲಾ ಇರುತ್ತದೆ. ಹಾಡು ಸ್ಟುಡಿಯೋದ ದೊಡ್ಡ ಮೈಕ್‌ನಲ್ಲಿ ತುಟಿಗೆ ತಾಗಿದ ಹಾಗೆ ಬಂದಿರುತ್ತದೆ. ಒಂದೇ ಪಾತ್ರ ಒಂದು ಕ್ಷಣದಲ್ಲಿ ಅಡುಗೆಮನೆಯಿಂದ ರೇಡಿಯೋ ಒಳಕ್ಕೆ ಹಾರಿದ ಹಾಗೆ ಕೇಳುತ್ತದೆ. ಹಾಗಾಗಿ ಮೊದಲ ಸಾಲನ್ನು, ಸಾಧ್ಯವಾದರೆ ಮೊದಲ ಎರಡು ಸಾಲನ್ನು ಸೆಟ್‌ನಲ್ಲೇ ನಟಿಯಿಂದ ಮೆಲ್ಲಗೆ ಹಾಡಿಸಿ ಅದನ್ನೇ ಇಟ್ಟುಕೊಳ್ಳಿ. ತಾಳ ಇಲ್ಲದ ಆರಂಭವಾದರೆ ವೇಗದ ತಲೆನೋವೂ ಇಲ್ಲ. ವಾದ್ಯ ಸೇರುವ ಕಡೆ ಸ್ಟುಡಿಯೋ ಧ್ವನಿಗೆ ಜಾರಿಸಿಬಿಡಿ. ನಟಿಗೆ ಬೇರೆಯವರು ಹಾಡುತ್ತಿದ್ದರೆ ಹಾಡುವವರನ್ನೇ ಸೆಟ್‌ಗೆ ಕರೆಸಿ, ಅದೇ ಕೋಣೆಯಲ್ಲಿ ಅದೇ ಕಾಲರ್ ಮೈಕ್‌ನಲ್ಲಿ ಆ ಎರಡು ಸಾಲು ತೆಗೆದುಕೊಳ್ಳಿ.

ಆಮೇಲೆ ಉಸಿರು. ಹಾಡಿನ ಮಿಕ್ಸಿಂಗ್ ಮಾಡುವವರು ಸಾಲುಗಳ ನಡುವಿನ ಉಸಿರನ್ನು ನೀಟಾಗಿ ಕತ್ತರಿಸಿ ಬಿಸಾಕುತ್ತಾರೆ. ಆಲ್ಬಂನಲ್ಲಿ ಚೆನ್ನಾಗಿಯೇ ಇರುತ್ತದೆ. ಪರದೆಯ ಮೇಲೆ ಮಾತ್ರ ಹುಡುಗಿಯ ಎದೆ ಏರುವುದು ಕಾಣುತ್ತದೆ, ಉಸಿರು ಕೇಳಿಸುವುದಿಲ್ಲ. ನೋಡುವವರಿಗೆ ಏನು ತಪ್ಪಾಗಿದೆ ಅಂತ ಗೊತ್ತಾಗಲ್ಲ, ಆದರೆ ಗೊಂಬೆ ಹಾಡಿದ ಹಾಗೆ ಅನ್ನಿಸುತ್ತದೆ. ಉಸಿರು ಉಳಿಸಿಕೊಂಡ ಧ್ವನಿಯ ಟ್ರ್ಯಾಕ್ ಬೇಕು ಅಂತ ಮೊದಲೇ ಹೇಳಿ. ಗಂಟಲು ಕಳೆದುಕೊಂಡವಳ ಕತೆಯಲ್ಲಿ ಉಸಿರೇ ಅರ್ಧ ಅಭಿನಯ.

ಸೆಟ್‌ನಲ್ಲಿ ತುಟಿ ಮಾತ್ರ ಆಡಿಸಲು ಬಿಡಬೇಡಿ. ಗಟ್ಟಿಯಾಗಿ ಹಾಡಲಿ, ಅಪಸ್ವರವಾದರೂ ಪರವಾಗಿಲ್ಲ. ಕತ್ತಿನ ನರ ಸುಳ್ಳು ಹೇಳುವುದಿಲ್ಲ. ಪ್ಲೇಬ್ಯಾಕ್ ಫೈಲ್‌ನಲ್ಲಿ ಹಾಡಿಗೆ ಮುಂಚೆ ಎರಡು ಆವರ್ತದ ಎಣಿಕೆಯ ಕ್ಲಿಕ್ ಇರಲಿ, ಇಲ್ಲದಿದ್ದರೆ ಪ್ರತಿ ಟೇಕ್‌ನಲ್ಲೂ ಮೊದಲ ಅಕ್ಷರ ತಪ್ಪುತ್ತದೆ.

ಹೊಸ_ಚರಣ

ಸರ್, ಇದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಬೇಕು. ಒಂದು ಅನುಮಾನ. ಕೊನೆಯ ಹಾಡನ್ನು ಈಗಲೇ ಪೂರ್ತಿ ಮಿಕ್ಸ್ ಮಾಡಿ ಮುಗಿಸಬೇಕಾ? ನಮ್ಮ ಬಜೆಟ್‌ನಲ್ಲಿ ವಾದ್ಯದವರನ್ನು ಕರೆಯುವುದು ಒಂದೇ ಸಲ ಆಗಬಹುದು.

ಮಂದ್ರ_ಷಡ್ಜ

ಸರ್ ಅಲ್ಲಪ್ಪಾ, ಮೇಲೆ "ಆಗಿದ್ದವಳು" ಅಂತ ಬರೆದಿದ್ದೆ. ಅಕ್ಕ ಅನ್ನಿ, ಸಾಕು.

ಪೂರ್ತಿ ಬೇಡ. ಟ್ಯೂನ್, ಶ್ರುತಿ, ವೇಗ, ಸಾಹಿತ್ಯದ ಚೌಕಟ್ಟು, ಒಂದು ಕೀಬೋರ್ಡ್ ಮತ್ತು ಟ್ರ್ಯಾಕ್ ಧ್ವನಿ ಇಷ್ಟು ಸಾಕು. ಆದರೆ ಶ್ರುತಿ ಮತ್ತು ವೇಗ ಒಮ್ಮೆ ನಿಕ್ಕಿಯಾದರೆ ಮುಟ್ಟಬಾರದು. ವಾದ್ಯ ರೆಕಾರ್ಡ್ ಆದ ಮೇಲೆ ಕಂಪ್ಯೂಟರ್‌ನಲ್ಲಿ ಶ್ರುತಿ ಎಳೆದಾಡಿದರೆ ಒಂದು ಸೆಮಿಟೋನ್‌ವರೆಗೆ ಹೇಗೋ ತಡೆಯುತ್ತದೆ, ಅದಕ್ಕಿಂತ ಜಾಸ್ತಿಯಾದರೆ ಪಿಟೀಲು ಪೀಪಿ ಆಗುತ್ತದೆ.

ವಾದ್ಯದವರು ಒಂದೇ ಸಲ ಬರುವುದಾದರೆ ಇದೇ ಒಳ್ಳೆಯ ಅವಕಾಶ. 11 ಹಾಡಿನ ಜೊತೆಗೆ ಆ ನಾಲ್ಕು ಸ್ವರದ ತಿರುವನ್ನೂ ಬೇರೆ ಬೇರೆ ಬಿಟ್‌ಗಳಾಗಿ ನುಡಿಸಿಕೊಳ್ಳಿ. ಕೊಳಲಿನಲ್ಲಿ ನಿಧಾನ, ಪಿಟೀಲಿನಲ್ಲಿ ಅರ್ಧಕ್ಕೆ ನಿಲ್ಲುವಂಥದ್ದು, ತಂತಿವಾದ್ಯದಲ್ಲಿ ಬರೀ ಮೊದಲ ಎರಡು ಸ್ವರ. ಹತ್ತು ಸೆಕೆಂಡ್, ಹದಿನೈದು ಸೆಕೆಂಡ್. ಆರೂ ಕಂತಿಗೆ ಹಿನ್ನೆಲೆ ಸಂಗೀತ ಕೂರಿಸುವ ರೀರೆಕಾರ್ಡಿಂಗ್‌ನಲ್ಲಿ ಇವೇ ಕೈ ಹಿಡಿಯುವುದು. ಮತ್ತೆ ಹಾಡುಗಳನ್ನು ಒಂದೇ ಮಿಕ್ಸ್ ಆಗಿ ತೆಗೆದುಕೊಳ್ಳಬೇಡಿ. ಧ್ವನಿ, ಕೋರಸ್, ತಾಳವಾದ್ಯ, ಉಳಿದ ವಾದ್ಯ ಹೀಗೆ ಬೇರೆ ಬೇರೆ ಸ್ಟೆಮ್ ಬೇಕು. ಹಾಡಿನ ಮಧ್ಯೆ ಯಾರೋ ಒಂದು ಮಾತು ಆಡಿದರೆ ತಾಳವಾದ್ಯ ಮಾತ್ರ ತಗ್ಗಿಸಬಹುದು, ಇಡೀ ಹಾಡು ಮುಳುಗಬೇಕಾಗಿಲ್ಲ.

ವಾರದ_ಸಂಚಿಕೆ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಅಕ್ಕ ಬೇಜಾರು ಮಾಡಿಕೊಳ್ಳಬಾರದು. ಸರಣಿಯ ಮಜಾ ಇರುವುದೇ ಜನರ ಜೊತೆ ಬೆಳೆಯುವುದರಲ್ಲಿ. ಎಲ್ಲವನ್ನೂ ಕಟ್ಟಿಟ್ಟು ಬಿಟ್ಟರೆ ಅದು ಕತ್ತರಿಸಿದ ಸಿನಿಮಾ ಅಷ್ಟೇ. ಅಮೆರಿಕದ 'ಗ್ಲೀ' ಅನ್ನುವ ಸಂಗೀತ ಟಿವಿ ಸರಣಿ 2009ರಲ್ಲಿ ಶುರುವಾದಾಗ ಕಂತಿನ ಜೊತೆಜೊತೆಗೇ ಹಾಡುಗಳು ಮಾರಾಟಕ್ಕೆ ಬರುತ್ತಿದ್ದವು. 2011ರ ಹೊತ್ತಿಗೆ ಬಿಲ್‌ಬೋರ್ಡ್ ಹಾಟ್ 100 ಅನ್ನುವ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಗೆ ಅತಿ ಹೆಚ್ಚು ಸಲ ಹೊಕ್ಕವರಲ್ಲಿ ಎಲ್ವಿಸ್ ಪ್ರೀಸ್ಲಿಯನ್ನೇ ಹಿಂದೆ ಹಾಕಿತು. ಜನ ಯಾವ ಪಾತ್ರಕ್ಕೆ ಮರುಳಾಗುತ್ತಾರೆ ಅಂತ ನೋಡಿ ಮುಂದಿನ ಹಾಡು ಯಾರಿಗೆ ಕೊಡಬೇಕು ಅಂತ ತೀರ್ಮಾನಿಸಬಹುದು ಅಲ್ವಾ? ಗೆಳೆಯನ ಮಾತಿನಲ್ಲೂ ತಿರುಳಿದೆ.

ಮಂದ್ರ_ಷಡ್ಜ

ಬೇಜಾರೇನಿಲ್ಲ, ಒಳ್ಳೆಯ ಪ್ರಶ್ನೆ. ಆದರೆ 'ಗ್ಲೀ'ಯಲ್ಲಿ ಬಹುಪಾಲು ಹಾಡುಗಳು ಜನರಿಗೆ ಆಗಲೇ ಬಾಯಿಪಾಠವಾಗಿದ್ದವು. ಹಳೆಯ ಹಾಡನ್ನು ಹೊಸ ಬಾಯಲ್ಲಿ ಹಾಡಿಸುತ್ತಿದ್ದರು. ವಾರದಿಂದ ವಾರಕ್ಕೆ ನೆನಪಿಡುವ ಕೆಲಸವನ್ನು ಜನ ಮೊದಲೇ ಮಾಡಿ ಮುಗಿಸಿದ್ದರು. ಇವರ 11 ಹಾಡೂ ಹೊಸದು.

ಹೊಸ ಹಾಡು ಇಟ್ಟುಕೊಂಡೂ ಜೊತೆಜೊತೆಗೇ ಬರೆಯುತ್ತಾ ಹೋದವರಿದ್ದಾರೆ. 'ಕ್ರೇಜಿ ಎಕ್ಸ್-ಗರ್ಲ್‌ಫ್ರೆಂಡ್' 2015ರಿಂದ 2019ರವರೆಗೆ ನಾಲ್ಕು ಸೀಸನ್‌ನಲ್ಲಿ 150ಕ್ಕೂ ಹೆಚ್ಚು ಸ್ವಂತ ಹಾಡು ಮಾಡಿತು. ಹಾಡಿಗೆಂದೇ ಅಲ್ಲಿ ಮುಖ್ಯವಾಗಿ ಮೂವರು ಬರೆಯುತ್ತಿದ್ದರು, ಹಿಂದೆ ಟಿವಿ ಚಾನೆಲ್‌ನ ಇಡೀ ಯಂತ್ರವಿತ್ತು. ಇವರದು ಸಣ್ಣ ತಂಡ, ವಾದ್ಯದವರು ಬರುವುದು ಒಂದೇ ಸಲ. ಜನ ಎರಡನೇ ಕಂತು ನೋಡಿ ಮೂಗು ಮುರಿದರು ಅಂತಿಟ್ಟುಕೊಳ್ಳಿ. ಗೆಳೆಯ ದುಡ್ಡು ನಿಲ್ಲಿಸುತ್ತಾನೆ. ಅರ್ಧ ಕತೆ ಇಂಟರ್ನೆಟ್‌ನಲ್ಲಿ ನೇತಾಡುತ್ತಿರುತ್ತದೆ.

ವಾರಕ್ಕೊಂದು ಬಿಡಬೇಡಿ ಅಂತ ನಾನು ಹೇಳುತ್ತಿಲ್ಲ. ಎಲ್ಲಾ ಕೈಯಲ್ಲಿ ಇಟ್ಟುಕೊಂಡು ಬಿಡಿ ಅನ್ನುತ್ತಿದ್ದೇನೆ. 25 ನಿಮಿಷದ ಕಂತಿಗೆ ವಾರ ಕೂಡ ಜಾಸ್ತಿಯೇ. ವಾರಕ್ಕೆ ಎರಡು ಮಾಡಿದರೆ ಮೂರು ವಾರದಲ್ಲಿ ಮುಗಿಯುತ್ತದೆ, ಟ್ಯೂನ್ ಕಿವಿಯಲ್ಲಿ ಬಿಸಿಯಾಗಿರುತ್ತದೆ. 2008ರಲ್ಲಿ ಅಮೆರಿಕದ ಬರಹಗಾರರ ಮುಷ್ಕರದ ಹೊತ್ತಿನಲ್ಲಿ ಹುಟ್ಟಿದ 'ಡಾಕ್ಟರ್ ಹಾರಿಬಲ್ಸ್ ಸಿಂಗ್-ಅಲಾಂಗ್ ಬ್ಲಾಗ್' ಅನ್ನುವ ಪುಟ್ಟ ಸಂಗೀತ ಸರಣಿ ಇದೆ. ಮೂರು ಅಂಕ, ಒಟ್ಟು ಮುಕ್ಕಾಲು ಗಂಟೆಗೂ ಕಡಿಮೆ. ಜುಲೈ 15, 17, 19ರಂದು ಒಂದೊಂದು ಅಂಕ ಬಿಟ್ಟರು. 20ನೇ ತಾರೀಖಿನವರೆಗೆ ಪುಕ್ಕಟೆ, ಆಮೇಲೆ ದುಡ್ಡಿಗೆ. ಒಂದು ದಿನ ಬಿಟ್ಟು ಒಂದು ದಿನ ಅಂದರೆ ಮಾತಾಡಿಕೊಳ್ಳಲು ಸಮಯ ಸಿಗುತ್ತದೆ, ಮರೆಯಲು ಸಿಗಲ್ಲ. ಅಂತರ ಎಷ್ಟಿರಬೇಕು ಅನ್ನುವುದಕ್ಕೆ ನಾನು ಯಾವಾಗಲೂ ಇದನ್ನೇ ತೋರಿಸುತ್ತೇನೆ.

ಕತ್ತರಿ_ಕೆಲಸ

ಇದಕ್ಕೆ ಒಂದು ಬಾಲಂಗೋಚಿ. ಮೊದಲ ಕಂತಿನ ಮೊದಲ ಐದು ನಿಮಿಷದೊಳಗೆ ಯಾರಾದರೂ ಹಾಡಲೇಬೇಕು. 1990ರಲ್ಲಿ 'ಕಾಪ್ ರಾಕ್' ಅಂತ ಪೊಲೀಸ್ ಕತೆಯ ಸಂಗೀತ ಸರಣಿ ಬಂದಿತ್ತು, 11 ಕಂತಿಗೇ ನಿಂತುಹೋಯಿತು. ಖಡಕ್ ಪೊಲೀಸ್ ಕತೆ ನಡೆಯುತ್ತಿದ್ದಾಗ ಪಾತ್ರಗಳು ಹಾಡಲು ಶುರು ಮಾಡಿದರೆ ನೋಡುವವರಿಗೆ ನಗು ಬಂದುಬಿಡುತ್ತದೆ. ಇಲ್ಲಿ ಜನ ಹಾಡುತ್ತಾರೆ ಅಂತ ಬಾಗಿಲಲ್ಲೇ ಹೇಳಿಬಿಡಿ. ನಿಮ್ಮದು ಗಾಯಕಿಯ ಕತೆ, ಸ್ಟುಡಿಯೋದಲ್ಲಿ ಹಾಡುವುದು ಸಹಜವೇ. ಆದರೆ ಸ್ಟುಡಿಯೋದ ಹೊರಗೆ, ಮೆಟ್ಟಿಲ ಮೇಲೆ, ಫೋನ್ ಇಟ್ಟ ತಕ್ಷಣ ಹಾಡುವ ಸೀನ್ ಕೂಡ ಮೊದಲ ಕಂತಿನಲ್ಲೇ ಬರಲಿ. ಮೂರನೇ ಕಂತಿನಲ್ಲಿ ಮೊದಲ ಸಲ ಹಾಗೆ ಮಾಡಿದರೆ ಯಾರೂ ಒಪ್ಪಲ್ಲ.

ಒಪ್ಪಂದ_ಪತ್ರ

ಹಕ್ಕಿನ ವಿಷಯ ಯಾರೂ ಎತ್ತಿಲ್ಲ, ಅದಕ್ಕೇ ಬಂದೆ. ಒಂದು ಹಾಡಿನಲ್ಲಿ ಎರಡು ಆಸ್ತಿ ಇರುತ್ತದೆ. ಟ್ಯೂನ್ ಮತ್ತು ಸಾಹಿತ್ಯ ಒಂದು, ಅದರ ರೆಕಾರ್ಡಿಂಗ್ ಇನ್ನೊಂದು. ಎರಡೂ ಯಾರದ್ದು, ಸರಣಿಯಲ್ಲಿ ಎಷ್ಟು ಕಾಲ ಎಲ್ಲೆಲ್ಲಿ ಬಳಸಬಹುದು, ಆಲ್ಬಂನ ದುಡ್ಡು ಹೇಗೆ ಹಂಚಿಕೆ ಅಂತ ಮೊದಲ ಟ್ಯೂನ್ ಆಗುವ ಮುಂಚೆಯೇ ಕಾಗದದ ಮೇಲೆ ಬರಲಿ. ಗೆಳೆಯರಾದರೆ ಇನ್ನೂ ಜಾಸ್ತಿ ಬರಲಿ. ಟ್ರ್ಯಾಕ್ ಹಾಡುವವರ ಸಹಿಯೂ ಬೇಕು. ಕೆಲವೊಮ್ಮೆ ಅವರ ಧ್ವನಿಯೇ ಕೊನೆಗೆ ಉಳಿದುಬಿಡುತ್ತದೆ. ನಿಮ್ಮ ಕತೆಯೇ ಅದಲ್ವಾ!

ಯಾವುದೋ ಸೀನ್‌ನಲ್ಲಿ ರೇಡಿಯೋದಲ್ಲಿ ಹಳೆಯ ಹಾಡೊಂದು ಕೇಳಿಸಲಿ ಅಂತ ಆಸೆಯಾದರೆ ಎರಡೂ ಕಡೆಯ ಅನುಮತಿ ಬೇಕು, ಅದೂ ಮುಂದೆ ಬರುವ ಎಲ್ಲಾ ಮಾಧ್ಯಮಕ್ಕೂ. ಅಮೆರಿಕದ 'ದಿ ವಂಡರ್ ಇಯರ್ಸ್' ಟಿವಿ ಸರಣಿ 1993ರಲ್ಲಿ ಮುಗಿಯಿತು, ಪೂರ್ತಿ ಡಿವಿಡಿ ಬಂದದ್ದು 2014ರಲ್ಲಿ. ಅದರಲ್ಲಿ ಬಳಸಿದ್ದ ಹಾಡುಗಳ ಹಕ್ಕು ಬಿಡಿಸಿಕೊಳ್ಳುವುದೇ ದೊಡ್ಡ ತೊಡಕಾಗಿತ್ತು.

ಈಗಿನ ಕಾಲದ ಇನ್ನೊಂದು ಉಪದ್ರವ. ಹಾಡುಗಳನ್ನು ಡಿಸ್ಟ್ರಿಬ್ಯೂಟರ್ (ಹಾಡನ್ನು ಆನ್‌ಲೈನ್ ವೇದಿಕೆಗಳಿಗೆ ತಲುಪಿಸುವ ಕಂಪನಿ) ಮೂಲಕ ಬಿಡುವಾಗ ಯೂಟ್ಯೂಬ್ ಕಂಟೆಂಟ್ ಐಡಿ (ಯಾವ ವಿಡಿಯೋದಲ್ಲಿ ನಿಮ್ಮ ಹಾಡಿದೆ ಅಂತ ತಾನೇ ಗುರುತಿಸುವ ವ್ಯವಸ್ಥೆ) ಅನ್ನುವ ಜಾಗಕ್ಕೆ ಟಿಕ್ ಹಾಕಿರುತ್ತೀರಿ. ಆಮೇಲೆ ನಿಮ್ಮದೇ ಚಾನೆಲ್‌ನಲ್ಲಿ ಕಂತು ಹಾಕಿದ ತಕ್ಷಣ ನಿಮ್ಮ ಹಾಡಿಗೆ ನಿಮ್ಮ ಮೇಲೇ ಕ್ಲೇಮ್ ಬರುತ್ತದೆ. ಕಂತಿನ ಜಾಹೀರಾತು ದುಡ್ಡು ಸುತ್ತಿಬಳಸಿ ಡಿಸ್ಟ್ರಿಬ್ಯೂಟರ್ ಕಡೆಯಿಂದ ಬರುತ್ತದೆ, ಅವರ ಪಾಲು ಮುರಿದುಕೊಂಡು. ನಿಮ್ಮ ಚಾನೆಲ್ ಅನ್ನು ವಿನಾಯಿತಿ ಪಟ್ಟಿಗೆ ಸೇರಿಸಿ ಅಂತ ಮೊದಲೇ ಬರೆದು ಕೇಳಿ. ಹಾಡಿನಲ್ಲಿ ಎಲ್ಲರಿಗೂ ಸಿಗುವ ರೆಡಿಮೇಡ್ ಲೂಪ್ (ಮತ್ತೆ ಮತ್ತೆ ಓಡಿಸುವ ಸಂಗೀತದ ತುಣುಕು) ಇದ್ದರೆ ಆ ಟಿಕ್ ಹಾಕಲೇಬೇಡಿ. ಅದೇ ಲೂಪ್ ಬಳಸಿದ ಊರವರ ವಿಡಿಯೋಗಳಿಗೆಲ್ಲ ನಿಮ್ಮ ಹೆಸರಲ್ಲಿ ಕ್ಲೇಮ್ ಹೋಗಿ ಜಗಳ ಶುರುವಾಗುತ್ತದೆ.

ಹೊಸ_ಚರಣ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗೆಳೆಯನಿಗೆ ಈ ಪುಟವನ್ನೇ ಕಳಿಸಿದೆ. ವಾಗ್ನರ್ ಕತೆ ಓದಿ "ನಾನು ರಾಜ ಅಂತ ಒಪ್ಪಿಕೊಂಡಿರಲ್ಲ, ಅಷ್ಟು ಸಾಕು" ಅಂದ. ಒಂದನೇ ಕಂತನ್ನು ಮಾತ್ರ ನಾಲ್ಕೈದು ಜನ ಹೊರಗಿನವರಿಗೆ ತೋರಿಸಿ ಅಭಿಪ್ರಾಯ ತಗೊಳ್ಳೋಣ, ಬಿಡುಗಡೆ ಆಮೇಲೆ ಅಂತ ತೀರ್ಮಾನವಾಗಿದೆ. ಅಕ್ಕ, ಆಲ್ಬಂ ಬಗ್ಗೆ ಹೇಳಲಿಲ್ಲ. ಮತ್ತೆ ಕೊನೆಯ ಹಾಡಿಗೆ ಸಾಹಿತ್ಯ ಇನ್ನೂ ಬಂದಿಲ್ಲ, ಡಮ್ಮಿ ಸಾಲು ಇಟ್ಟು ಟ್ರ್ಯಾಕ್ ಮಾಡಬಹುದಾ?

ಮಂದ್ರ_ಷಡ್ಜ

ಹೊರಗಿನವರಿಗೆ ತೋರಿಸುವುದು ಒಳ್ಳೆಯ ದಾರಿ. ನೋಡಿದ ಮರುದಿನ ಫೋನ್ ಮಾಡಿ, "ಯಾವ ಟ್ಯೂನ್ ನೆನಪಿದೆ, ಗುನುಗಿ" ಅಂತ ಕೇಳಿ. ಹೇಗಿತ್ತು ಅಂತ ಕೇಳಿದರೆ ಎಲ್ಲರೂ ಚೆನ್ನಾಗಿತ್ತು ಅಂತಲೇ ಹೇಳುತ್ತಾರೆ.

ಆಲ್ಬಂ ಒಟ್ಟಿಗೆ ಬಿಡಬೇಡಿ. ಹಾಡಿನ ಪಟ್ಟಿಯೇ ಕತೆ ಹೇಳಿಬಿಡುತ್ತದೆ. ಆರನೇ ಹಾಡಿನವರೆಗೆ ಒಬ್ಬಳ ಹೆಸರು, ಹನ್ನೊಂದನೆಯದಕ್ಕೆ ಇಬ್ಬರ ಹೆಸರು ಅಂತ ಕಂಡರೆ ಗುಟ್ಟು ಅಲ್ಲಿಗೇ ರಟ್ಟು. ಶುರುವಿನ ಒಂದು ಹಾಡನ್ನು ಮೊದಲ ಕಂತಿಗೆ ಹತ್ತು ದಿನ ಮುಂಚೆ ಬಿಡಿ, ಉಳಿದವು ಆಯಾ ಕಂತು ಬಂದ ದಿನ. ಕೊನೆಯದು ಆರನೇ ಕಂತಿನ ಮರುದಿನ. ಫೈಲ್‌ಗಳನ್ನು ಮಾತ್ರ ಡಿಸ್ಟ್ರಿಬ್ಯೂಟರ್‌ಗೆ ಎರಡು ಮೂರು ವಾರ ಮೊದಲೇ ಕೊಟ್ಟು ತಾರೀಖು ಹಾಕಿಡಿ, ಹೊತ್ತಿಗೆ ಮುಂಚೆ ಎಲ್ಲೂ ಇಣುಕದ ಹಾಗೆ. ಸ್ಪಾಟಿಫೈನ ಪ್ಲೇಲಿಸ್ಟ್‌ಗೆ ಪರಿಗಣಿಸಿ ಅಂತ ಕೇಳಲಿಕ್ಕೂ ಕನಿಷ್ಠ ಏಳು ದಿನ ಮುಂಚೆ ಹಾಡು ಅವರ ಕೈ ಸೇರಿರಬೇಕು. ಗುನುಗಿದ ತುಣುಕು, ಅರ್ಧ ಪಲ್ಲವಿ ಇವನ್ನೆಲ್ಲ ಬೇರೆ ಹಾಡು ಅಂತ ಹಾಕಬೇಡಿ. 30 ಸೆಕೆಂಡ್ ಕೇಳದಿದ್ದರೆ ಅಲ್ಲಿ ಅದು ಲೆಕ್ಕಕ್ಕೇ ಬರಲ್ಲ. ಆಲ್ಬಂಗೆ ಮಾಸ್ಟರ್ ಮಾಡಿದ ಗಟ್ಟಿ ಫೈಲನ್ನು ಕಂತಿಗೆ ಹಾಕಬೇಡಿ, ಮಾತಿನ ಪಕ್ಕದಲ್ಲಿ ಅದು ಕಿವಿಗೆ ಬಡಿಯುತ್ತದೆ. ಕಂತಿಗೆ ಸ್ಟೆಮ್‌ಗಳಿಂದ ಬೇರೆಯೇ ಮಿಕ್ಸ್ ಮಾಡಿಸಿ.

ಡಮ್ಮಿ ಸಾಲು ಇಟ್ಟುಕೊಳ್ಳಬಹುದು, ಎಲ್ಲರೂ ಮಾಡುವುದೇ. ಆದರೆ ಲಘು ಗುರು ನಿಜವಾದ ಸಾಹಿತ್ಯದಲ್ಲೂ ಅದೇ ಜಾಗದಲ್ಲಿ ಬರಬೇಕು ಅಂತ ಬರೆಯುವವರಿಗೆ ಹೇಳಿ. ಆ ಅತಿ ಎತ್ತರದ ಸ್ವರದ ಮೇಲೆ 'ಆ' ಅಥವಾ 'ಓ' ಬರುವ ಹಾಗೆ ನೋಡಿಕೊಳ್ಳಲಿ. ಅಲ್ಲಿ 'ಈ' ಇಟ್ಟರೆ ಬಾಯಿ ತೆರೆಯಲ್ಲ, ಸ್ವರ ಕೀರಲಾಗುತ್ತದೆ. ಶೂಟಿಂಗ್ ದಿನ ಕ್ಯಾಮೆರಾ ಮುಂದೆ ಬಾಯಿ ತೆರೆದದ್ದೇ ಕಾಣುವುದರಿಂದ ಶೂಟ್ ಆದ ಮೇಲೆ ಆ ಒಂದು ಅಕ್ಷರ ಬದಲಿಸಲು ಯಾರಿಗೂ ಬಿಡಬೇಡಿ.